ಮೂರು ಮಾಳಿಗೆ ಆಚೆ

ಮಗಳನ್ನು ದೂರ ಕೊಟ್ಟರೆ ನೆನಪಾದಾಗ ಹೋಗಿ ನೋಡಲಿಕ್ಕಾಗುವುದಿಲ್ಲ ಎಂದು ಹಟ ಹಿಡಿದು ಸಾತವ್ವ ಮಾದೇವಿಯನ್ನು ಊರಲ್ಲೇ ಕೊಟ್ಟಿದ್ದಳು. ಜಮಖಂಡಿಯ ಪೇಟೆಯ ಹಿಂದಿನ ಓಣಿಯಲ್ಲಿ ತನ್ನ ಮನೆಯ ಮಣ್ಣಿನ ಮಾಳಿಗೆ ಹತ್ತಿ ನಿಂತರೆ ಮೂರು ಮಾಳಿಗೆ ಆಚೆ ಮಗಳ ಮಾಳಿಗೆ. ಅಲ್ಲಿ ಒಣಹಾಕಿದ ಸೀರೆ ಯಾವುದು, ಹಪ್ಪಳ ಉದ್ದಿನದೋ ಜೋಳದ್ದೋ, ಎಲ್ಲ ಇಲ್ಲಿಂದಲೇ ಗೊತ್ತಾಗುತ್ತಿತ್ತು. ತಾನು ಎಷ್ಟು ಶಾಣ್ಯಾಕಿ ಎಂದು ಓಣಿಯ ಹೆಂಗಸರ ಮುಂದೆ ಆಕೆ ಹೇಳಿಕೊಂಡದ್ದೇ ಹೇಳಿಕೊಂಡದ್ದು. ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಯಲ್ಲಿ ಆ ಶಾಣ್ಯಾತನವೇ ಕೊರಳಿಗೆ ಬಂತು. ದೂರ ಇದ್ದಿದ್ದರೆ ಮಗಳು ಕಾಣುತ್ತಿರಲಿಲ್ಲ, ಕಾಣದಿದ್ದರೆ ಮನಸ್ಸು ಹೇಗೋ ತಡೆದುಕೊಳ್ಳುತ್ತಿತ್ತು. ಈಗ ದಿನಾ ಕಾಣುತ್ತಾಳೆ, ಮಾತಾಡುವುದಿಲ್ಲ.

ಶಾವಿಗೆ ಮಾಡುವುದು ಒಬ್ಬರ ಕೆಲಸವಲ್ಲ. ಒಬ್ಬಾಕೆ ಇಳಿಜಾರು ಮಣೆಯ ಮೇಲೆ ಕುಳಿತು ಕಣಕವನ್ನು ಅಂಗೈಯಿಂದ ಹೊಸೆಯುತ್ತ ಹೋಗಬೇಕು, ಇನ್ನೊಬ್ಬಾಕೆ ಕೆಳಗೆ ಕುಳಿತು ಇಳಿದು ಬರುವ ಎಳೆಯನ್ನು ಹರಿಯದಂತೆ ಜಗ್ಗಿ ಕೋಲಿನ ಮೇಲೆ ಹಾಕಬೇಕು. ಆ ಮನೆಯಲ್ಲಿ ಹೊಸೆಯುವವಳು ಸಾತವ್ವ, ಜಗ್ಗುವವಳು ಮಾದೇವಿ. ಲಗ್ನವಾದ ಮೇಲೂ ಬೇಸಿಗೆ ಬಂದರೆ ಮಾದೇವಿ ಬೆಳಿಗ್ಗೆಯೇ ಬಂದು ಕೂಡುತ್ತಿದ್ದಳು. ಈ ವರ್ಷ ಆ ಜಾಗದಲ್ಲಿ ಸೊಸೆ ಶಂಕ್ರೆವ್ವ ಕುಳಿತಿದ್ದಳು, ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು.

"ಅತ್ತೀ, ನೀವು ಹೊಸಿಯೂದ ಬಿಟ್ಟು ಆ ಕಡೆ ನೋಡಿದ್ರ ಎಳಿ ಹರೀಲಾರದ ಏನ ಮಾಡೀತ್ರಿ?"

"ನಾ ಎಲ್ಲಿ ನೋಡೇನಿ?"

"ಕೆಳಗ ಪಡಸಾಲ್ಯಾಗ ತಂಪ ನೆಳ್ಳೈತಿ. ಅದನ್ನ ಬಿಟ್ಟು ಈ ಉರಿ ಬಿಸಲಾಗ ಮಾಳಗೀಗಿ ಯಾಕ ಕರಕೊಂಡ ಬಂದ್ರಿ ಅಂತ ನನಗ ತಿಳಿಯೂದಿಲ್ಲೇನ್ರಿ?"

ಸಾತವ್ವ ಉತ್ತರ ಕೊಡುವ ಮೊದಲೇ ಆಚೆಯ ಮಾಳಿಗೆಗೆ ಮಾದೇವಿ ಬುಟ್ಟಿ ಹೊತ್ತು ಬಂದಳು. ಆರನೆಯ ತಿಂಗಳ ಬಸುರಿ, ನಡೆಯುವುದರಲ್ಲೇ ಗೊತ್ತಾಗುತ್ತಿತ್ತು. ಮೆಣಸಿನಕಾಯಿ ಹರವಿದಳು, ಸೊಂಟದ ಮೇಲೆ ಕೈಯಿಟ್ಟು ತುಸು ಹೊತ್ತು ನಿಂತಳು, ಇಳಿದು ಹೋದಳು. ಅಷ್ಟು ಹೊತ್ತೂ ಬೆನ್ನು ಇತ್ತ ಇತ್ತು.

"ಹೊರಳಿ ಸೈತ ನೋಡ್ಲಿಲ್ಲ," ಎಂದಳು ಸಾತವ್ವ.

"ಬಿಸಲ ಕಣ್ಣಿಗಿ ಹೊಡದಿರಬೇಕ್ರಿ ಆಕಿಗಿ."

ಇತ್ತ ಹೊರಳಿದ್ದರೆ ಬಿಸಿಲು ಮಾದೇವಿಯ ಬೆನ್ನಿಗೆ ಬೀಳುತ್ತಿತ್ತು, ಕಣ್ಣಿಗಲ್ಲ. ಶಂಕ್ರೆವ್ವನಿಗೆ ಅದು ಗೊತ್ತಿತ್ತು, ಸಾತವ್ವನಿಗೂ ಗೊತ್ತಿತ್ತು. ಇಬ್ಬರೂ ಹರಿದ ಎಳೆ ಆರಿಸಿ ಮತ್ತೆ ಕಣಕಕ್ಕೆ ಸೇರಿಸಿದರು.

ಆಗಿದ್ದಿಷ್ಟು.

ಸಾತವ್ವನ ಗಂಡ ಹೊಳೆಪ್ಪ ಪುರಸಭೆಯಲ್ಲಿ ಸಿಪಾಯಿ. ಅವನ ಅಪ್ಪ ಹುಲೆಪ್ಪನ ಕಾಲದವರೆಗೂ ಅದು ಕುರಿಯ ಮನೆತನ. ಹುಲೆಪ್ಪ ಗುಡ್ಡದ ಈ ತುದಿಗೆ ನಿಂತು ಕೂಗಿದರೆ ಆ ತುದಿಯ ಕುರಿ ತಲೆ ಎತ್ತುತ್ತಿದ್ದವಂತೆ. ಆ ದನಿ ಹೊಳೆಪ್ಪನನ್ನು ದಾಟಿ ಮೊಮ್ಮಗ ಪರಸಪ್ಪನಿಗೆ ಬಂದಿತ್ತು. ಕುರಿ ಮಾರಿ ಎಷ್ಟೋ ವರ್ಷವಾಗಿತ್ತು, ಪರಸಪ್ಪ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದ, ಆದರೂ ಅವನು ಮನೆಯಲ್ಲಿ ಉಪ್ಪು ಕೇಳಿದರೆ ಮುಂದಿನ ಓಣಿಯವರಿಗೆ ಇವತ್ತು ಸಾರು ಸಪ್ಪಗಿದೆ ಎಂದು ತಿಳಿಯುತ್ತಿತ್ತು.

ಆ ವರ್ಷ ಸಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ ಬೇಕೆಂಬ ಚಳವಳಿ ಊರೂರಿಗೆ ಹಬ್ಬಿತ್ತು. ಜಮಖಂಡಿಯಲ್ಲಿ ವಕೀಲ ಗಿರಿಮಲ್ಲಪ್ಪ ಮುಂದಾಗಿ ತಾಯ್ನುಡಿ ಸಂಘ ಕಟ್ಟಿದ. ಪರಸಪ್ಪ ಅದಕ್ಕೆ ಸೇರಿದ್ದು ತಿರುಗುವ ಚಟಕ್ಕಲ್ಲ. ಸಂಸ್ಥಾನದ ಕಾಲದಲ್ಲಿ ಹೊಳೆಪ್ಪನನ್ನು ಸಾಲೆಗೆ ಹಾಕಿದಾಗ ಮಾಸ್ತರ ಕಲಿಸಿದ್ದು ಮರಾಠಿಯಲ್ಲಿ. ಕೇಳಿದ್ದೇನೆಂದು ಹುಡುಗನಿಗೆ ತಿಳಿಯಲಿಲ್ಲ, ತಿಳಿಯದ್ದಕ್ಕೆ ಅಂಗೈಗೆ ಛಡಿಯೇಟು ಬಿದ್ದವು, ವಾರ ತುಂಬುವುದರೊಳಗೆ ಅವನು ಕುರಿಯ ಹಿಂದೆ ಹೋದ. ಆ ಕತೆಯನ್ನು ಹೊಳೆಪ್ಪ ಊಟಕ್ಕೆ ಕುಳಿತಾಗ ನಗುನಗುತ್ತ ಹೇಳುತ್ತಿದ್ದ. ಪರಸಪ್ಪನಿಗೆ ಒಮ್ಮೆಯೂ ನಗು ಬಂದಿರಲಿಲ್ಲ. ಸಂಘದವರು ಅವನ ದನಿ ಕೇಳಿ ಮೆರವಣಿಗೆಯ ಮುಂದೆ ನಿಲ್ಲಿಸಿದರು.

ಇನ್ನು ಬೀಗರು. ಅಣ್ಣಾಸಾಹೇಬರದೂ ಇವರದೇ ಜಾತಿ. ಅವರ ಅಪ್ಪ ಜತ್ತದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಮನೆಯಲ್ಲಿ ಮರಾಠಿ, ಹೊರಗೆ ಬಂದರೆ ಕನ್ನಡ. ಇವರು ಬೀರಪ್ಪ ಎನ್ನುವ ದೇವರಿಗೆ ಅವರು ಬಿರೋಬಾ ಎನ್ನುತ್ತಿದ್ದರು, ಇವರ ಕಂಬಳಿ ಅವರಿಗೆ ಘೋಂಗಡಿ. ಲಗ್ನದ ಮಾತಿಗೆ ಕುಳಿತಾಗ ಇದು ಯಾರಿಗೂ ದೊಡ್ಡದೆನಿಸಿರಲಿಲ್ಲ. ಪೇಟೆಯಲ್ಲಿ ಅವರದು ಕಂಬಳಿ ಅಂಗಡಿ, ಒಳಗೆ ಕಾಲಿಟ್ಟರೆ ಉಣ್ಣೆಯದೂ ಹುಣಸೆಬೀಜದ ಗಂಜಿಯದೂ ವಾಸನೆ. 'ಬಿರೋಬಾ ಘೋಂಗಡಿ ದುಕಾನ' ಎಂದು ಮರಾಠಿಯಲ್ಲಿ ಬರೆದ ಕಟ್ಟಿಗೆಯ ಬೋರ್ಡು ಅಣ್ಣಾಸಾಹೇಬರ ಅಪ್ಪ ಹಾಕಿಸಿದ್ದು.

ಯುಗಾದಿಯ ನಂತರದ ಮೆರವಣಿಗೆಯಲ್ಲಿ ಹುಡುಗರು ಆ ಬೋರ್ಡನ್ನು ಕಿತ್ತು ಒಡೆದರು. ಕಪಾಟಿನ ಗಾಜು ಪುಡಿ ಮಾಡಿದರು. ಕಂಬಳಿ ಎಳೆದು ಬೀದಿಗೆ ಹಾಕಿದರು, ಒಂದಕ್ಕೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಪೊಲೀಸರು ಬರುವ ಹೊತ್ತಿಗೆ ಬೀದಿಯಲ್ಲಿ ಉಣ್ಣೆ ಸುಟ್ಟ ಕಮರು ವಾಸನೆ ಇತ್ತು, ಸುಟ್ಟವರು ಇರಲಿಲ್ಲ. ಬೇರೆಯವರಿಗೆ ಅದು ಹೊದೆಯುವ ಬಟ್ಟೆ ಇರಬಹುದು. ಕುರುಬರ ಮನೆಯಲ್ಲಿ ಕಂಬಳಿಯೆಂದರೆ ಬೀರಪ್ಪನ ಗದ್ದುಗೆ. ಚಪ್ಪಲಿ ಕಾಲಲ್ಲಿ ಅದನ್ನು ತುಳಿಯುವುದಿಲ್ಲ, ಅದರ ಮೇಲೆ ಕುಳಿತು ಸುಳ್ಳು ಹೇಳುವುದಿಲ್ಲ.

ಆ ಸಂಜೆ ಪರಸಪ್ಪ ಮನೆಗೆ ಬಂದಾಗ ಹೊಳೆಪ್ಪ ತಾಟಿನ ಮುಂದೆ ಕುಳಿತಿದ್ದ. ರೊಟ್ಟಿ ಮುರಿದಿರಲಿಲ್ಲ.

"ಯಾರ ಸುಟ್ಟದ್ದು?"

"ನಾ ಮುಂದ ಇದ್ನೆಪ್ಪಾ. ಹಿಂದ ಏನಾತು ನನಗೇನ ಗೊತ್ತು?"

"ನಿನ್ನ ತಂಗೀನ ಕೊಟ್ಟ ಮನೀ ಕಂಬಳಿ ಅದು."

"ಗೊತ್ತೈತಿ. ನಾ ಹಚ್ಚಿಲ್ಲ ಅಂದ್ನೆಲಾ!"

ಅವನ 'ಅಂದ್ನೆಲಾ' ಓಣಿಯ ತುದಿಗೆ ಕೇಳಿರಬೇಕು. ಹೊಳೆಪ್ಪ ತಾಟು ಸರಿಸಿ ಎದ್ದು ಕೈ ತೊಳೆದ.

ಮಾದೇವಿಗಿದು ಮೊದಲ ಬಸುರು. ಏಳನೆಯ ತಿಂಗಳಲ್ಲಿ ತವರಿನವರು ಸೀರೆ, ಖಣ, ಹೂವು ಒಯ್ದು ಕುಬಸ ಮಾಡಿ ಹುಡುಗಿಯನ್ನು ಕರೆದುಕೊಂಡು ಬರಬೇಕು, ಮೊದಲ ಬಾಣಂತನ ತವರಲ್ಲೇ ಆಗಬೇಕು. ಸಾತವ್ವನಿಗೆ ಇದ್ದವಳು ಒಬ್ಬಳೇ ಮಗಳು. ಹಸಿರು ಇಳಕಲ್ ಸೀರೆ ಸಂಕ್ರಾಂತಿಯ ಹೊತ್ತಿಗೇ ತಂದಿಟ್ಟಿದ್ದಳು. ನಡುಮನೆಯ ಪಕ್ಕದ ಕೋಣೆಯನ್ನು ಸಗಣಿಯಿಂದ ಸಾರಿಸಿ, ಗಾಳಿ ಬರುವ ಕಿಂಡಿಗೆ ಬಟ್ಟೆ ತುರುಕಿ, ಬಾಣಂತಿಗೆ ಮಲಗಲು ಹೊರಸು ಹಾಕಿಟ್ಟಿದ್ದಳು. ಈಗ ಆ ಹೊರಸಿನ ಮೇಲೆ ಯಾರೂ ಕೂಡುವ ಹಾಗಿರಲಿಲ್ಲ. ಪರಸಪ್ಪ ಒಮ್ಮೆ ಮರೆತು ಟವೆಲ್ಲು ಒಗೆದದ್ದಕ್ಕೆ ಬೈಸಿಕೊಂಡ.

ಹೊಳೆಪ್ಪ ಕುಬಸದ ಮಾತಾಡಲು ಬೀಗರ ಮನೆಗೆ ಹೋಗಿ ಬಂದ. ಹೋದಾಗ ತಲೆಯ ಮೇಲಿದ್ದ ರುಮಾಲು ಬರುವಾಗ ಕೈಯಲ್ಲಿತ್ತು.

"ಏನಂದ್ರು?" ಎಂದಳು ಸಾತವ್ವ.

"ಹುಡುಗೀನ ಕಳಸಾಕ ತಕರಾರಿಲ್ಲ ಅಂದ್ರು. ಪರಸಪ್ಪ ಬರಬೇಕಂತ. ಕಂಬಳಿ ಮ್ಯಾಲ ಕುಂತು, ಭಂಡಾರ ಮುಟ್ಟಿ, 'ನಮ್ಮದು ದ್ವೇಷದ ಸಂಘ' ಅಂತ ಒಂದ ಮಾತ ಹೇಳಬೇಕಂತ. ಅವತ್ತ ಕುಬಸ."

ಭಂಡಾರವೆಂದರೆ ಬೀರಪ್ಪನ ಅರಿಷಿಣ. ಅದನ್ನು ಹಿಡಿದು ಆಡಿದ ಮಾತು ಜೀವ ಇರುವತನಕ ಬೆನ್ನಿಗಿರುತ್ತದೆ. ಪರಸಪ್ಪ ಕಾರ್ಖಾನೆಯಿಂದ ಬಂದು ಊಟಕ್ಕೆ ಕುಳಿತ ಮೇಲೆ ವಿಷಯ ಎದ್ದಿತು, ಎದ್ದದ್ದು ಬಹಳ ದಿನ ಕೂಡಲಿಲ್ಲ.

"ಅದನ್ನ ಹೆಂಗ ಹೇಳ್ಲಿ ನಾ? ಸಾವಿರ ಮಂದಿ ನಡದ್ರು. ಕಲ್ಲ ಒಗದಾವ್ರು ಹತ್ತ ಮಂದಿ."

"ಉಳದಾವ್ರು ಏನ ಮಾಡಿದ್ರಿ?" ಶಂಕ್ರೆವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ನೀ ರೊಟ್ಟಿ ಬಡಿ."

"ಬಡ್ಯಾಕತ್ತೇನಿ. ಕಿವಿ ಖಾಲಿ ಅದಾವು, ಅದಕ ಕೇಳಿದ್ನಿ."

ಸಾತವ್ವ ಮಗನ ತಾಟಿಗೆ ಬೆಣ್ಣೆ ಹಾಕಿದಳು. ಕೆಲಸ ಆಗಬೇಕಾದಾಗ ಬೆಣ್ಣೆ ಜಾಸ್ತಿ ಬೀಳುವುದು ಆ ಮನೆಯ ಪದ್ಧತಿ. "ತಮ್ಮಾ, ನಿನ್ನ ಸಂಘಕ್ಕ ಅವರು ಏನರ ಅನವಲ್ಲರ‍್ಯಾಕ. ಒಂದ ಮಾತು. ಬಾಯಿ ಸವೀತೈತೇನ?"

"ಯವ್ವಾ, ಭಂಡಾರ ಮುಟ್ಟಿ ಸುಳ್ಳ ಹೇಳ ಅಂತಿಯೇನ? ಅಪ್ಪನ ಅಂಗೈಗಿ ಹೊಡದಂಗ ಇನ್ನೊಬ್ಬ ಹುಡುಗನ ಅಂಗೈಗಿ ಹೊಡೀಬಾರದು ಅಂತ ಕಟ್ಟಿದ ಸಂಘ ಅದು. ಅದರಾಗ ದ್ವೇಷ ಎಲ್ಲೈತಿ?"

"ಮಾಸ್ತರ ಹೊಡದದ್ದಕ್ಕ ಅಣ್ಣಾಸಾಹೇಬರ ಗಾಜ ಒಡದ್ರ ನನ್ನ ಅಂಗೈ ಉರಿ ಆರೂದಿಲ್ಲಪಾ," ಎಂದ ಹೊಳೆಪ್ಪ.

"ಒಡದದ್ದು ತಪ್ಪ ಅಂತ ನಾನೂ ಅಂತೇನಿ. ಆದ್ರ ನಾಕ ಮಂದಿ ತಪ್ಪ ಮಾಡಿದ್ರ ಸಂಘನ ಕೆಟ್ಟದ್ದಾ? ಬೀರಪ್ಪನ ಗುಡಿಗಿ ಕುಡದ ಬಂದಾವ್ರು ಜಗಳ ತಗದ್ರ ಬೀರಪ್ಪ ಕುಡಕರ ದೇವರ ಆದ್ನೇನು?"

ಹೊಳೆಪ್ಪ ಮಜ್ಜಿಗೆ ಕುಡಿದು ಬಟ್ಟಲು ಕೆಳಗಿಟ್ಟ. "ಕುಡದ ಬಂದಾವನ್ನ ಪೂಜಾರಿ ಹಿಡದು ಹೊರಗ ಹಾಕ್ತಾನ. ನಿಮ್ಮ ಸಂಘ ಯಾರನ್ನ ಹೊರಗ ಹಾಕೇತಿ?"

ಅಷ್ಟು ದೊಡ್ಡ ದನಿಯ ಪರಸಪ್ಪ ತಾಟಿನಲ್ಲಿ ಬೆರಳಾಡಿಸುತ್ತ ಕುಳಿತ.

ಮರುದಿನ ಅವನು ಸಂಘದ ಕೂಟದಲ್ಲಿ ಅದನ್ನೇ ಕೇಳಿದ. ಒಡೆದವರು ಯಾರೆಂದು ಇಲ್ಲಿ ಕುಳಿತವರಿಗೆಲ್ಲ ಗೊತ್ತಿದೆ, ಅವರನ್ನು ಹೊರಗೆ ಹಾಕೋಣ, ನಾವೆಲ್ಲ ಹೋಗಿ ಅಣ್ಣಾಸಾಹೇಬರಿಗೆ ಕೈ ಮುಗಿದು ಬರೋಣ ಎಂದ. ಗಿರಿಮಲ್ಲಪ್ಪ ಕನ್ನಡಕ ಒರೆಸಿಕೊಂಡ.

"ಹುಡುಗರ ರಕ್ತ ಬಿಸಿ ಇರ್ತೈತಿ ಪರಸಪ್ಪ. ಈಗ ಕೈ ಮುಗದ್ರ ನಾವ ತಪ್ಪ ಒಪ್ಪಿಕೊಂಡಂಗ ಆತು. ಚಳವಳಿ ಮುಗೀಲಿ, ನೋಡೂಣು."

ಹಿಂದಿನಿಂದ ಸಾಬಣ್ಣ ನಕ್ಕ. ಅವತ್ತು ಕಂಬಳಿ ಎಳೆದವರಲ್ಲಿ ಅವನೂ ಒಬ್ಬ. "ಪರಸಣ್ಣಾ, 'ನಮ್ಮ ಬೀಗರ ಅಂಗಡಿ ಅಂತ ಬಿಡಬ್ಯಾಡ್ರಿ' ಅಂದಾವ ನೀನ. ಈಗ ನಮ್ಮನ್ನ ಹೊರಗ ಹಾಕ್ತಿ?"

ಅದು ಖರೆ. ಮೆರವಣಿಗೆಯ ಹಿಂದಿನ ದಿನ ಯಾವ ಯಾವ ಬೋರ್ಡಿಗೆ ಡಾಂಬರು ಬಳಿಯುವುದು ಎಂಬ ಮಾತು ಬಂದಾಗ ಎಲ್ಲರೂ ಅವನ ಮುಖ ನೋಡಿದ್ದರು. ತನ್ನವರನ್ನು ಉಳಿಸಿಕೊಂಡ ಎನ್ನಬಾರದೆಂದು ಅವನೇ ಮೊದಲು ಬೀಗರ ಅಂಗಡಿಯ ಹೆಸರು ಹೇಳಿದ್ದ. ಡಾಂಬರು ಅಂದಿದ್ದ, ಕಲ್ಲು ಅಂದಿರಲಿಲ್ಲ. ಮನೆಗೆ ಬಂದು ಹೆಂಡತಿಯೆದುರು ಅದನ್ನು ಹೇಳಿದಾಗ ಶಂಕ್ರೆವ್ವ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದಳು. "ಅತ್ತೀಗಿ ಹೇಳಬ್ಯಾಡ್ರಿ," ಎಂದಳು.

ಏಳನೆಯ ತಿಂಗಳು ಬಂತು. ಒಂದು ಬೆಳಿಗ್ಗೆ ನಳದ ಹತ್ತಿರ ಸಾತವ್ವನಿಗೆ ಮಾದೇವಿಯ ಅತ್ತೆ ಅನಸವ್ವ ಸಿಕ್ಕಳು. ಇಬ್ಬರೂ ಕೊಡ ಇಟ್ಟು ಪಾಳಿಗೆ ಕಾದರು. ನೀರಿನ ಸದ್ದಿನಲ್ಲಿ ಅನಸವ್ವ ಮೆಲ್ಲಗೆ ಅಂದಳು:

"ಹುಡುಗಿ ಊಟಾನ ಕಡಿಮಿ ಮಾಡ್ಯಾಳರೀ. ಪುಂಡಿಪಲ್ಯ ಮಾಡಿದ್ನಿ, ನಮ್ಮವ್ವ ಮಾಡಿದಂಗ ಆಗಿಲ್ಲಂತ."

ಸಾತವ್ವ ಮನೆಗೆ ಓಡಿದಳು ಎಂದರೂ ತಪ್ಪಿಲ್ಲ. ಪುಂಡಿಯ ಹುಳಿ ಸೊಪ್ಪಿಗೆ ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಹಿತ್ತಾಳೆ ಬಟ್ಟಲ ತುಂಬ ತುಂಬಿ ಅನಸವ್ವನ ಕೈಗೆ ಕೊಟ್ಟು ಬಂದಳು. ಸಂಜೆ ಬಟ್ಟಲು ತಿರುಗಿ ಬಂತು. ತಳ ಹೊಳೆಯುವಂತೆ ತಿಕ್ಕಿ ತೊಳೆದಿದ್ದರು. ಒಳಗೆ ಏನೂ ಇರಲಿಲ್ಲ. ಕೊಟ್ಟ ಪಾತ್ರೆಯನ್ನು ಬರಿದಾಗಿ ತಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ, ನಾಲ್ಕು ಕಾಳು ಜೋಳವನ್ನಾದರೂ ಹಾಕುತ್ತಾರೆ, ಇದನ್ನು ಮಾದೇವಿಗೆ ಕಲಿಸಿದವಳು ಸಾತವ್ವನೇ. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಒಲೆಯ ಮುಂದೆ ಅತ್ತುಬಿಟ್ಟಳು. ಹೊಗೆಯೆಂದು ಹೇಳಲಿಕ್ಕೂ ಹೋಗಲಿಲ್ಲ.

ಪರಸಪ್ಪ ಬಾಗಿಲಲ್ಲಿ ನಿಂತು ನೋಡಿದ. "ಅಳಬ್ಯಾಡ ಬೇ. ನಾಳೆ ಹೋಗ್ತೇನಿ. ಅವರಿಗಿ ಬೇಕಾದ ಮಾತ ಹೇಳಿ ಬರ್ತೇನಿ."

ಅಪ್ಪ ಮಗ ಇಬ್ಬರೂ ಹೋದರು. ಅಣ್ಣಾಸಾಹೇಬರು ಒಳಗಿನಿಂದ ಕಂಬಳಿ ತಂದು ಪಡಸಾಲೆಯಲ್ಲಿ ಹಾಸಿದರು. ಅಂಗಡಿಯಲ್ಲಿ ಹೊಸ ಕಂಬಳಿಗಳು ಬೇಕಾದಷ್ಟಿದ್ದವು. ಅವರು ತಂದದ್ದು ಸುಟ್ಟ ಕಂಬಳಿಯನ್ನು. ನಡುವೆ ರೊಟ್ಟಿಯಗಲದ ತೂತು, ಅಂಚು ಕರಕಾಗಿ ಸಿಡಿದಿತ್ತು. ಆ ತೂತಿನ ಸುತ್ತ ಎಲ್ಲರೂ ಕುಳಿತರು. ಮಾದೇವಿಯ ಗಂಡ ಜಕ್ಕಪ್ಪ ಕಂಬಕ್ಕೆ ಆತುಕೊಂಡು ನಿಂತಿದ್ದ. ಯಾರೂ ಚಹಾದ ಮಾತೆತ್ತಲಿಲ್ಲ.

"ಬೀಗರ, ನಮ್ಮಪ್ಪ ಇದ ಊರಾಗ ಸತ್ತ, ಇಲ್ಲೇ ಹುಗದೇವಿ," ಎಂದರು ಅಣ್ಣಾಸಾಹೇಬರು. ಅವರ ಕನ್ನಡಕ್ಕೆ ಸ್ವಲ್ಪ ಮರಾಠಿಯ ಎಳೆತವಿತ್ತು. "ಬೋರ್ಡ ಹೋತು, ಹೋಗ್ಲಿ. ಗಾಜ ಹೋತು, ಹೊಸಾದ ಬರ್ತೈತಿ. ಅವತ್ತ ಒಬ್ಬ ಹುಡುಗ, ಮೀಸಿ ಸೈತ ಬಂದಿಲ್ಲ, ನನಗ ಅಂತಾನ, 'ನಿಮ್ಮ ಊರಿಗಿ ಹೋಗ್ರಿ' ಅಂತ. ಯಾವ ಊರಿಗಿ ಹೋಗ್ಲಿ? ನೀವ ಹೇಳ್ರಿ."

ಹೊಳೆಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅದಕ ನಾ ಕೇಳೂದು ಇಷ್ಟ. ಅದು ದ್ವೇಷದ ಸಂಘ ಹೌದೋ ಅಲ್ಲೋ. ನನ್ನ ಸೊಸೀ ಅಣ್ಣನ ಬಾಯಿಲೆ ಕೇಳಬೇಕು ನಾ."

ಪರಸಪ್ಪ ತಟ್ಟೆಯಿಂದ ಭಂಡಾರ ತೆಗೆದುಕೊಂಡ. ಬೆರಳು ಹಳದಿಯಾದವು. ಬಾಯಿ ತೆರೆದ. "ನಮ್ಮ ಸಂಘ..."

"ನಿಲ್ಲ ಅಣ್ಣಾ."

ಮಾದೇವಿ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಮುಖ ಇಳಿದಿತ್ತು, ಹೊಟ್ಟೆ ಮುಂದೆ ಬಂದಿತ್ತು. ಇಷ್ಟು ವಾರಗಳಲ್ಲಿ ಪರಸಪ್ಪ ಅವಳನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು.

"ಮಾವಾರ, ಅದನ್ನ ಹೇಳಿಸಬ್ಯಾಡ್ರಿ. ಸಂಘ ಎಂಥಾದ್ದಂತ ತಿಳಕೊಂಡು ನಾ ಏನ ಮಾಡ್ಲಿ? ಅಂವಾ ನನ್ನ ಅವ್ವನ ಸಲುವಾಗಿ ಹೂಂ ಅಂತಾನ, ನಿಮಗೂ ಅದು ಸುಳ್ಳಂತ ಗೊತ್ತಾಕ್ಕೈತಿ." ಅವಳು ಅಣ್ಣನ ಕಡೆ ತಿರುಗಿದಳು. "ಅವತ್ತ ನಾ ಅಂಗಡ್ಯಾಗ ಇದ್ನಿ. ಇವರಿಗಿ ಬುತ್ತಿ ತಂದಿದ್ನಿ, ಹಿಂದ ಕುಂತು ಕಂಬಳಿ ಅಂಚ ಹೊಲ್ಯಾಕತ್ತಿದ್ನಿ. ನಿನ್ನ ದನಿ ಕೇಳಿತು. ನಮ್ಮ ಅಣ್ಣ ಬಂದ ಅಂತ ಎದ್ದ ನಿಂತ್ನಿ, ನೋಡಬೇಕಂತ. ಅಷ್ಟರಾಗ ಗಾಜ ಒಡೀತು. ನಿನ್ನ ದನಿ ನಿಲ್ಲಲಿಲ್ಲ. ಹಂಗ ಮುಂದ ಹೋತು. ನಿನಗ ಗಾಜಿನ ಸಪ್ಪಳ ಕೇಳಿತೋ ಇಲ್ಲೋ? ಇಷ್ಟ ಹೇಳ."

ಭಂಡಾರ ಪರಸಪ್ಪನ ಬೆರಳ ಸಂದಿಯಿಂದ ಕಂಬಳಿಯ ತೂತಿನ ಮೇಲೆ ಉದುರಿತು.

"ಕೇಳಿತು," ಎಂದ ಅವನು. ಆ ದನಿ ಹೊಸ್ತಿಲ ಆಚೆ ಹೋಗುವಷ್ಟೂ ಇರಲಿಲ್ಲ. "ಯಾರ ಅಂಗಡಿ ಅಂತನೂ ಗೊತ್ತಾತು. ಡಾಂಬರ ಬಳ್ಯಾಕ ಆ ಅಂಗಡಿ ಹೆಸರ ಹೇಳಿದಾವ ನಾನ. ಹೊರಳಿದ್ರ ಮೆರವಣಿಗಿ ನಿಲ್ತೈತಿ ಅಂತ ಹೊರಳಲಿಲ್ಲ. ಸಂಘದಾಗ ದ್ವೇಷ ಐತೋ ಇಲ್ಲೋ ನಾ ಹೇಳಲಾರೆ. ಆ ಹೊತ್ತಿನ್ಯಾಗ ನನ್ನ ಹೊಟ್ಟ್ಯಾಗ ಇತ್ತು."

ಅಣ್ಣಾಸಾಹೇಬರು ಉದುರಿದ ಭಂಡಾರವನ್ನು ಬಳಿದು ತಟ್ಟೆಗೆ ಹಾಕಿದರು. ಆಮೇಲೆ ಕೈಯೆತ್ತಿ, "ಆತು. ನನಗ ಇನ್ನೇನೂ ಬ್ಯಾಡ. ಕುಬಸ ಮಾಡಿ ಹುಡುಗೀನ ಕರಕೊಂಡ ಹೋಗ್ರಿ," ಎಂದರು.

"ನಾ ಬರೂದಿಲ್ಲ," ಎಂದಳು ಮಾದೇವಿ.

ಹೊಳೆಪ್ಪ ಬೆಚ್ಚಿ ತಲೆ ಎತ್ತಿದ. ಮಾದೇವಿ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು.

"ಮಾವಾರು ಯಾವಾಗೂ ತಡದಿಲ್ಲಪ್ಪಾ ನನ್ನ. ನಾನ ಬರಲಿಲ್ಲ. ಆ ಮನ್ಯಾಗ ಅಣ್ಣನ ದನಿ ಕೇಳಿದ್ರ ನನಗ ಗಾಜ ಒಡದಂಗ ಆಕ್ಕೈತಿ. ಅವ್ವಗ ಹೇಳ್ರಿ, ಪುಂಡಿಪಲ್ಯ ಛಲೋ ಆಗಿತ್ತು."

ಇಷ್ಟು ಹೇಳಿ ಒಳಗೆ ಹೋದಳು. ಹೊಳೆಪ್ಪ ಮನೆಗೆ ಬಂದು ಆ ಕೊನೆಯ ಮಾತೊಂದನ್ನೇ ಹೆಂಡತಿಗೆ ಮೊದಲು ಹೇಳಿದ, ಉಳಿದದ್ದನ್ನು ಸಾತವ್ವ ಕೇಳಿ ಕೇಳಿ ಹೊರಗೆಳೆದಳು. ಎಲ್ಲ ಗೊತ್ತಾದ ಮೇಲೂ ಮಗನಿಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅವನಿಗೆ ಸುಖವಿತ್ತು.

ಹಸಿರು ಸೀರೆಯನ್ನು ಜಕ್ಕಪ್ಪ ಬಂದು ಒಯ್ದ. ಕುಬಸ ಅಲ್ಲಿಯೇ ಆಯಿತು. ಸಾತವ್ವ ಹೋಗಿ ಉಡಿ ತುಂಬಿ ಬಂದಳು, ಮಗಳು ಕಾಲು ಮುಟ್ಟಿ ನಮಸ್ಕರಿಸಿದಳು, ಎದ್ದು ಹತ್ತು ಹೆಂಗಸರ ನಡುವೆ ಹೋಗಿ ಕುಳಿತಳು.

ಪರಸಪ್ಪ ಸಂಘ ಬಿಡಲಿಲ್ಲ. ಅಂಗೈಗೆ ಹೊಡೆಯಬಾರದು ಎಂಬುದು ಅವನಿಗೆ ಈಗಲೂ ಖರೆಯೇ ಆಗಿತ್ತು. ಆದರೆ ಮುಂದೆ ನಿಂತು ಕೂಗುವುದನ್ನು ಬಿಟ್ಟು ಮೆರವಣಿಗೆಯ ಬಾಲಕ್ಕೆ ನಡೆಯತೊಡಗಿದ. ಕಾರಹುಣ್ಣಿವೆಯ ಮುಂದಿನ ಮೆರವಣಿಗೆಯಲ್ಲಿ ಸಾಬಣ್ಣ ಬಗ್ಗಿ ಕಲ್ಲೆತ್ತಿದಾಗ ಅವನ ಮುಂಗೈ ಹಿಡಿದುಕೊಂಡು, ಪೇಟೆ ದಾಟುವತನಕ ಬಿಡದೆ ಜೋಡಿಯಾಗಿ ನಡೆದ. ಸಾಬಣ್ಣ ಬಾಯಿಗೆ ಬಂದಂತೆ ಬೈದ. ಗಿರಿಮಲ್ಲಪ್ಪ ಅದರ ಮರುದಿನದಿಂದ ಇವನನ್ನು ಕೂಟಕ್ಕೆ ಕರೆಯುವುದನ್ನು ಮರೆಯತೊಡಗಿದ, ಇವನು ಕರೆಯದಿದ್ದರೂ ಹೋಗಿ ಹಿಂದೆ ಕೂಡುತ್ತಿದ್ದ.

ಮನೆಯಲ್ಲಂತೂ ದನಿಯೇ ಇಲ್ಲದಂತಾದ. ಉಪ್ಪು ಬೇಕಾದರೆ ಕೈ ಚಾಚುತ್ತಿದ್ದ.

"ಏನರೀ, ಈ ಮನ್ಯಾಗ ಒಬ್ಬ ಗಂಡಸ ಇದ್ದ, ಎಲ್ಲರ ಮಾರಿ ಬಂದ್ರೇನ?" ಎಂದು ಶಂಕ್ರೆವ್ವ ಚೇಷ್ಟೆ ಮಾಡಿದಳು. ಅವನು ನಕ್ಕ, ಅದೂ ಸದ್ದಿಲ್ಲದೆ. ಸಾತವ್ವನಿಗೆ ಈಗ ಎರಡು ದನಿಗಳ ನೆನಪು ಕಾಡತೊಡಗಿತು, ಒಂದು ಮೂರು ಮಾಳಿಗೆ ಆಚೆಯದು, ಇನ್ನೊಂದು ಎದುರಿಗೇ ಕುಳಿತು ಉಣ್ಣುವವನದು.

ಆಷಾಢದ ಕೊನೆಗೆ ಅನಸವ್ವ ಅದೇ ಹಿತ್ತಾಳೆ ಬಟ್ಟಲಿನಂಥ ಬಟ್ಟಲಲ್ಲಿ ಸಕ್ಕರೆ ತುಂಬಿಕೊಂಡು ಬಂದಳು. ಹೆಣ್ಣು ಕೂಸು. ಸಾತವ್ವ ಹೋಗಿ ನೋಡಿದಳು, ಎತ್ತಿಕೊಂಡಳು, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ ಕೊಟ್ಟು ಬಂದಳು. ಎಷ್ಟಾದರೂ ಬೀಗರ ಮನೆ, ತಾಸು ಹೊತ್ತಿಗಿಂತ ಹೆಚ್ಚು ಕೂಡಲಿಕ್ಕಾಗಲಿಲ್ಲ. ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೈ ಬೇರೆಯವರದಾಗಿತ್ತು. ಮನೆಗೆ ಬಂದು ಆ ಖಾಲಿ ಕೋಣೆಯ ಹೊರಸಿನ ಮೇಲೆ ತಾನೇ ಒಮ್ಮೆ ಮಲಗಿ ಎದ್ದಳು. ಪರಸಪ್ಪ ಕೂಸಿನ ಬಣ್ಣ ಯಾವುದು, ಮೂಗು ಯಾರದು ಎಂದು ಹೆಂಡತಿಯ ಮೂಲಕ ಕೇಳಿಸಿ ತಿಳಿದುಕೊಂಡ.

ಪಂಚಮಿ ಕಳೆದು ಕೆಲವು ದಿನವಾಗಿತ್ತು. ಮೋಡ ಸರಿದು ಬೆಳಗಿನ ಬಿಸಿಲು ಬಿದ್ದಿತ್ತು, ಶ್ರಾವಣದ ಗಾಳಿ ಮಾತ್ರ ಬಿಟ್ಟಿರಲಿಲ್ಲ. ಸಾತವ್ವ ಕಾಳು ಹರವಲು ಮಾಳಿಗೆಗೆ ಹೋದಳು. ಅಂದು ಪರಸಪ್ಪನಿಗೆ ಸೂಟಿ, ಅವನು ಜೋಳದ ಚೀಲ ಹೊತ್ತು ಹಿಂದೆಯೇ ಹತ್ತಿದ. ಆಚೆಯ ಮಾಳಿಗೆಯಲ್ಲಿ ಮಾದೇವಿ ಕೂಸನ್ನು ಎದೆಗಾನಿಸಿಕೊಂಡು ಬಿಸಿಲಿಗೆ ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕೂಸಿನ ಕುಂಚಿಗೆ ಮಾತ್ರ ಗಾಳಿಗೆ ಹಿಂದೆ ಸರಿದು ಕರಿ ಕೂದಲು ಕಾಣುತ್ತಿತ್ತು. ಇವರನ್ನು ಕಂಡು ಮಾದೇವಿ ಎಂದಿನಂತೆ ಬೆನ್ನು ತಿರುಗಿಸಿ ಮೆಟ್ಟಿಲ ಕಡೆ ನಡೆದಳು.

"ಕೂಸಿನ ನೆತ್ತಿ ಮುಚ್ಚ ಬೇ!" ಸಾತವ್ವ ಕೂಗಿದಳು. ಅವಳ ದನಿಯನ್ನು ಗಾಳಿ ಪಕ್ಕದ ಮಾಳಿಗೆಯಲ್ಲೇ ಬಿಟ್ಟಿತು. ಮತ್ತೊಮ್ಮೆ ಕೂಗಿದಳು, ಕೆಮ್ಮು ಬಂತು. ಮಗನ ತೋಳು ಹಿಡಿದಳು. "ಲೇ ಪರಸ್ಯಾ, ನನ್ನ ದನಿ ಮುಟ್ಟೂದಿಲ್ಲ. ನೀ ಹೇಳ."

"ನಾ ಬ್ಯಾಡ ಬೇ."

"ಎಳೀ ಕೂಸ ಐತಿ, ಗಾಳಿ ಹೊಡದ್ರ ಏನ ಮಾಡೂದು? ಕೂಗಲೇ!"

ಪರಸಪ್ಪ ಚೀಲ ಕೆಳಗಿಟ್ಟ. ಕೈಗಳನ್ನು ಬಾಯಿಯ ಎರಡೂ ಕಡೆ ಹಿಡಿದ, ಅವನ ಮುತ್ತ್ಯಾ ಹುಲೆಪ್ಪ ಗುಡ್ಡದ ಮೇಲೆ ಹಿಡಿಯುತ್ತಿದ್ದ ಹಾಗೆ.

"ಮಾದೇವೀ! ಕೂಸಿನ ನೆತ್ತಿ ಮುಚ್ಚ! ಗಾಳಿ ಐತಿ!"

ನಾಲ್ಕು ಮಾಳಿಗೆಯ ಕಾಗೆಗಳು ಎದ್ದವು. ಓಣಿಯಲ್ಲಿ ಯಾರೋ ತಲೆ ಎತ್ತಿ ನೋಡಿದರು. ಮಾದೇವಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಅಲ್ಲಿಯೇ ನಿಂತಳು, ಇನ್ನೂ ಬೆನ್ನು ಇತ್ತಲೇ. ಸಾತವ್ವ ಮಗನ ತೋಳನ್ನು ಬಿಡಲಿಲ್ಲ. ಆಮೇಲೆ ಮಾದೇವಿ ಹೊರಳಿದಳು. ಕುಂಚಿಗೆಯನ್ನು ಮುಂದಕ್ಕೆಳೆದು ಕೂಸಿನ ನೆತ್ತಿ ಮುಚ್ಚಿದಳು, ಅಣ್ಣನನ್ನು ನೆಟ್ಟಗೆ ನೋಡಿ ಬಾಯಿ ತುಂಬ ಏನೋ ಕೂಗಿ ಹೇಳಿದಳು.

"ಏನಂದ್ಳೋ? ನನಗ ಕೇಳಲಿಲ್ಲ. ಏನಂದ್ಳು?"

"'ಊರ ಮಂದೀನ ಯಾಕ ಎಬಸ್ತಿ, ಕೂಸ ಅಂಜತೈತಿ, ಬಾಯಿ ಮುಚ್ಚ' ಅಂದ್ಳು," ಎಂದ ಪರಸಪ್ಪ. "ಬೈದ್ಳು ಬೇ."

"ಬೈದ್ಳಾ? ಖರೇನ ಬೈದ್ಳಾ?"

ಸಾತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚೆಯ ಮಾಳಿಗೆಯಲ್ಲಿ ಮಾದೇವಿ ಇಳಿದು ಹೋಗಿರಲಿಲ್ಲ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಇತ್ತ ಮುಖ ಮಾಡಿ ಕುಳಿತಿದ್ದಳು. ಸಾತವ್ವ ಕಾಳಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲ ತುದಿಗೆ ಬಂದು ಕೆಳಗೆ ಬಗ್ಗಿದಳು.

"ಶಂಕ್ರೆವ್ವಾ, ಹಂಡೇಕ ನೀರ ತುಂಬ, ಬಾಣಂತಿಗಿ ಎರೀಬೇಕು."